ಈಜುಕೊಳ ತಿಳಿಯಾದ ದಿನ

ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದ ಕನ್ನಡಕದಂಗಡಿಯವನಿಗೆ ಬಾಯಲ್ಲಿದ್ದ ನೊರೆ ಉಗುಳುವುದೂ ಮರೆತುಹೋಯಿತು. ನಿನ್ನೆ ಒಂದು ಮಟ್ಟಿಗೆ ನೋಡುವಂತಿದ್ದ ಈಜುಕೊಳ ಬೆಳಗಾಗುವಷ್ಟರಲ್ಲಿ ಹಸಿರು ಪಾಚಿ ಕಟ್ಟಿಕೊಂಡು ಕೂತಿತ್ತು. ಹಾಳಾದ್ದು, ಬೇರೆ ದಿನ ಸಿಗಲಿಲ್ಲವೇ ಇದಕ್ಕೆ? ಮನೆ ಕೊಳ್ಳುವವರು ಅಂದೇ ಸಂಜೆ ನೋಡಲು ಬರುವವರಿದ್ದರು.

ಮನೆ ಮಾವ ಮಗಳ ಹೆಸರಿಗೆ ಬರೆದುಕೊಟ್ಟದ್ದು. ಕೊಳ ಮಾತ್ರ ಅಳಿಯನ ತಲೆಗೆ ಕಟ್ಟಿದ್ದು. ಎಲೆ ಬಾಚು, ಗೋಡೆ ಉಜ್ಜು, ಫಿಲ್ಟರ್ ತೊಳೆ, ಕ್ಲೋರಿನ್ ಸುರಿ ಎಂದು ಮದುವೆಯಾದಾಗಿನಿಂದ ಅವನ ಭಾನುವಾರಗಳನ್ನೆಲ್ಲ ಅದು ನುಂಗಿ ನೀರು ಕುಡಿದಿತ್ತು. ಈಜುವವರು ಬೀದಿಯವರು. ಅವನಿಗೆ ಈಜೇ ಬರುತ್ತಿರಲಿಲ್ಲ. ಮನೆ ಮಾರೋಣವೆಂದು ಎಷ್ಟು ಗೋಗರೆದರೂ ಜಗ್ಗದ ಹೆಂಡತಿ, ಕಳೆದ ತಿಂಗಳು ನೀರು ಕೆಟ್ಟು ನಾತ ಹೊಡೆದಾಗ, "ಈ ಹಸಿರು ಗುಂಡಿ ನೋಡಿ ನೋಡಿ ನಂಗೂ ಸಾಕಾಯ್ತು. ಮಾರಿಬಿಡಿ, ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ" ಎಂದುಬಿಟ್ಟಿದ್ದಳು. ಆವತ್ತು ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೂರನೇ ಮಹಡಿಯಲ್ಲೊಂದು ಪುಟ್ಟ ಫ್ಲ್ಯಾಟು, ಬಕೆಟ್ಟಿನಲ್ಲಿ ಹಿಡಿಯುವಷ್ಟು ನೀರು. ಅದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಅಂದು ಅಂಗಡಿ ತೆರೆಯದೆ ಕೊಳಕ್ಕೆ ಕ್ಲೋರಿನ್ ಹಾಕತೊಡಗಿದ. ಕಾಂಪೌಂಡಿನ ಮೇಲೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ತಲೆ ಮೂಡಿತು.

"ಎಷ್ಟು ಹಾಕಿದ್ರಿ?"

"ಎರಡು ಲೋಟ."

"ಕಣ್ಣಿಗೆ ಡ್ರಾಪ್ಸ್ ಹಾಕ್ತಿದ್ದೀರೇನ್ರೀ? ಸುರೀರಿ ಸ್ವಾಮಿ!"

ಸುರಿಯಿರಿ ಎಂದವರು ಸುಮ್ಮನಿರಲಿಲ್ಲ. ಗೋಡೆ ಹಾರಿ ಬಂದು ಡಬ್ಬ ಕಿತ್ತುಕೊಂಡು ಪೂರ್ತಿ ಬರಿದು ಮಾಡಿದರು. ಪಾಚಿಯೇನೋ ಸತ್ತಿತು. ಆದರೆ ಹಸಿರಾಗಿದ್ದ ನೀರು ಸುಣ್ಣ ಕದಡಿದ ಹಾಗೆ ಬೆಳ್ಳಗಾಯಿತು.

ಅಷ್ಟರಲ್ಲಿ ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಬಂದರು. "ಪಟಿಕದ ಪುಡಿ ಹಾಕಿ, ಕಸರೆಲ್ಲ ತಳಕ್ಕೆ ಕೂರತ್ತೆ. ಪಂಪು ಮಾತ್ರ ನಿಲ್ಸಿಬಿಡಿ, ನೀರು ಅಲ್ಲಾಡಬಾರ್ದು."

ಅವನು ಹಾಗೇ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಕಸರು ಕೂರತೊಡಗಿತ್ತು. ಉಸಿರಾಡಲು ಒಂದು ಗಳಿಗೆ ಒಳಗೆ ಹೋದನೋ ಇಲ್ಲವೋ, ಹಿತ್ತಲಲ್ಲಿ ಪಂಪು ಗುರ್ ಎಂದಿತು.

"ಕದಡದೆ ಔಷಧಿ ಹೇಗ್ರೀ ಬೆರೆಯತ್ತೆ?" ಎಂದರು ಸ್ವಿಚ್ಚಿನ ಬಳಿ ನಿಂತಿದ್ದ ಮೇಷ್ಟ್ರು.

ತಳದ ಕಸರೆಲ್ಲ ಒಡೆದ ಹಾಲಿನಂತೆ ಮೇಲೆದ್ದಿತು. ಡಾಕ್ಟರಮ್ಮ ಮೇಷ್ಟ್ರ ಬುದ್ಧಿಯ ಬಗ್ಗೆ ಒಂದು ಮಾತಾಡಿದರು. ಮೇಷ್ಟ್ರು ಡಾಕ್ಟರಮ್ಮ ಕಟ್ಟಿದ ತಮ್ಮ ಹಲ್ಲಿನ ಬಗ್ಗೆ ಎರಡು ಮಾತಾಡಿದರು. ಇವನ ಕೊಳದ ದಡದಲ್ಲಿ, ಇವನನ್ನೇ ಮರೆತು, ಇವನ ಮನೆಯ ಕಾಫಿ ಕುಡಿಯುತ್ತ ಅವರು ಜಗಳಾಡಿದರು.

"ದಯವಿಟ್ಟು ಹೊರಗೆ ಹೋಗಿ!" ಎಂದು ಅವನು ಕಿರುಚಿದ. ಜೀವನದಲ್ಲಿ ಅವನು ಯಾರ ಮೇಲಾದರೂ ದನಿ ಎತ್ತಿದ್ದು ಅದೇ ಮೊದಲು. ಇಬ್ಬರೂ ಬೇಜಾರು ಮಾಡಿಕೊಂಡು ಹೋಗಿ ತಮ್ಮ ತಮ್ಮ ಮಹಡಿ ಹತ್ತಿ ಅಲ್ಲಿಂದ ನೋಡತೊಡಗಿದರು.

ಅವನು ಗೇಟಿಗೆ ಬೀಗ ಹಾಕಿದ. ಪಂಪು ನಿಲ್ಲಿಸಿ ಮತ್ತೆ ಪಟಿಕ ಉದುರಿಸಿ, ಜ್ವರದ ಮಗುವಿನ ಪಕ್ಕ ಕೂತಂತೆ ಕೊಳದ ಪಕ್ಕ ಕೂತ. ಕಾಗೆ ಬಂದರೆ ಓಡಿಸಿದ, ಕೆಮ್ಮು ಬಂದರೆ ನುಂಗಿದ. ಕಸರು ತಳ ಸೇರಿದ ಮೇಲೆ ಮಂಡಿಯೂರಿ, ಕೊಳವೆ ಇಳಿಬಿಟ್ಟು, ಒಂದಿಷ್ಟೂ ಕದಡದಂತೆ ಅಷ್ಟನ್ನೂ ಮೋರಿಗೆ ಹರಿಸಿದ. ಮಂಡಿ ತರಚಿ ರಕ್ತ ಬಂತು. ಬಿಸಿಲಿಳಿಯುವ ಹೊತ್ತಿಗೆ ತಳದ ನೀಲಿ ಬಿಲ್ಲೆಗಳು ಒಂದೊಂದೂ ಎಣಿಸುವಷ್ಟು ನಿಚ್ಚಳವಾಗಿ ಕಂಡವು. ಇನ್ನು ಈ ಪೀಡೆ ತೊಲಗಿತು ಎಂದುಕೊಂಡಾಗ ಅವನಿಗೆ ಅಳುವೇ ಬಂತು.

ಕೊಳ್ಳಲು ಬಂದವರು ಪೀಠೋಪಕರಣದ ವ್ಯಾಪಾರಿ. ಕೋಣೆಗಳನ್ನೆಲ್ಲ ನೋಡಿ ಹಿತ್ತಲಿಗೆ ಬಂದು, ಕೊಳದ ಕಡೆ, ಖಾಲಿ ಕ್ಲೋರಿನ್ ಡಬ್ಬದ ಕಡೆ, ಅವನ ತರಚಿದ ಮಂಡಿಯ ಕಡೆ ಅರೆಗಣ್ಣು ಹಾಯಿಸಿದರು.

"ಇದಕ್ಕೆ ಇಷ್ಟೊಂದು ಯಾಕ್ ಕಷ್ಟಪಟ್ರಿ? ಹಸಿರಾಗಿದ್ರೂ ನಡೀತಿತ್ತು. ನಾವು ಹೇಗೂ ಮಣ್ಣು ತುಂಬಿಸಿ ಗೋಡೌನ್ ಕಟ್ಟೋರು. ಮನೆ ಒಪ್ಪಿಗೆ, ನಾಳೇನೇ ರಿಜಿಸ್ಟರ್ ಮಾಡ್ಸೋಣ."

ದಿನವಿಡೀ ಪಟ್ಟ ಪಾಡು ದಂಡವಾಯಿತೆಂದು ಅವನಿಗೆ ಒಂದಿಷ್ಟೂ ಅನ್ನಿಸಲಿಲ್ಲ. "ತುಂಬಿಸಿ ಸಾರ್, ಮೊದ್ಲು ಇದನ್ನೇ ತುಂಬಿಸಿ!" ಎಂದು ವ್ಯಾಪಾರಿಯ ಎರಡೂ ಕೈ ಹಿಡಿದುಕೊಂಡ.

"ಏನು? ಮಣ್ಣು ತುಂಬಿಸೋದಾ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತು ನೀರನ್ನು ನೋಡುತ್ತಿದ್ದಳೋ.

"ನಮ್ಮಪ್ಪ ಕಟ್ಸಿದಾಗ ಹೀಗೇ ಇತ್ತು" ಎಂದಳು. "ನಿಮ್ ಕೈಲಿ ಆಗಲ್ಲ ಅಂತ ನಾನೂ ಆಸೆ ಬಿಟ್ಟಿದ್ದೆ ಕಣ್ರೀ. ಆಗತ್ತೆ ಅಂತ ಇವತ್ತು ಗೊತ್ತಾಯ್ತಲ್ಲ. ಕ್ಷಮಿಸಿ ಸಾರ್, ಮನೆ ಮಾರೋದಿಲ್ಲ."

ವ್ಯಾಪಾರಿ ಕೈ ಬಿಡಿಸಿಕೊಂಡು ಹೊರಟರು. ಎಷ್ಟೋ ವರ್ಷಗಳ ಮೇಲೆ ಹೆಂಡತಿ ಅವನನ್ನು ಪ್ರೀತಿಯಿಂದ ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಗೋಡೆಯ ಮೇಲಿಂದ ಏನೋ ದೊಡ್ಡದು ಧೊಪ್ಪೆಂದು ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ತಲೆ ಮೇಲೆ ಬಂತು.

"ನೀರು ಚೆನ್ನಾಗಿದೆ ಕಣ್ರೀ" ಎಂದರು ಕಣ್ಣೊರೆಸಿಕೊಳ್ಳುತ್ತ. "ಸ್ವಲ್ಪ ತಣ್ಣಗಾಯ್ತು, ಅಷ್ಟೆ. ನಾಳೆ ಅದಕ್ಕೇನಾದ್ರೂ ಮಾಡಿ."