ಕಾಕೂನ ಒಳಗೆ ಅಡ್ಡಾಡುವವರು

ನನ್ನ ಕೆಲಸ ಏನಂತ ಯಾರಾದರೂ ಕೇಳಿದರೆ ಮುಂದೆ ಏನಾದರೊಂದು ಆಗಿಯೇ ತೀರುತ್ತದೆ. ನಾಲ್ಕಾರು ದೇಶಗಳಲ್ಲಿ ಹೇಳಿ ನೋಡಿದ್ದೇನೆ. ಅಲ್ಲಿ ಕೇಳಿದವರು ಆಕಳಿಸುತ್ತಾರೆ. ಹುಕ್ಕೇರಿ ದಾಟಿದ ಮೇಲೆ ಮಾತ್ರ ಅಂಜುತ್ತಾರೆ.

ಬಸ್ಸಿನಲ್ಲಿ

ತುಕ್ಕಾನಟ್ಟಿಯಲ್ಲಿರುವ ನನ್ನ ಕಾಕೂಗೆ, ಅಂದರೆ ಚಿಕ್ಕಮ್ಮನಿಗೆ, ಎದೆಯ ಗಡ್ಡೆ ತೆಗೆದಿದ್ದರು. ಇನ್ನು ರೇಡಿಯೇಶನ್ ಕೊಡಬೇಕು. ಆಕೆ ಒಲ್ಲೆ ಅಂತ ಕೂತಿದ್ದಳು. ಒಪ್ಪಿಸಲಿಕ್ಕೆ ಹೊರಟಿದ್ದೆ. ಹುಕ್ಕೇರಿಯಲ್ಲಿ ಬಾಜೂ ಬಂದು ಕೂತ ಅಜ್ಜ, "ಏನ್ ಕೆಲಸ ಮಾಡ್ತೀರಿ?" ಅಂದ.

ಹೇಳಿದೆ. ನನ್ನದು ಲ್ಯಾಬಿನಲ್ಲಿ ಸಂಶೋಧನೆ. ಜೀವಕೋಶದೊಳಗೆ ಡಿಎನ್‌ಎ ಅಂತ ಒಂದು ದಾರ. ಅದು ಹರಿದರೆ ಕೈನೇಸ್ ಅನ್ನುವ ಪ್ರೋಟೀನು ಬಂದು, ಅಲ್ಲಿರುವ ಬೇರೆ ಪ್ರೋಟೀನುಗಳ ಮೇಲೆ ಫಾಸ್ಫೇಟಿನ ಗುರುತು ಹಾಕುತ್ತದೆ. ಗುರುತು ಕಂಡಲ್ಲಿಗೆ ರಿಪೇರಿಯವರು ಬರುತ್ತಾರೆ.

"ಯಾರಿಗಿ ಹಾಕಬೇಕಂತ ಅದಕ್ಕ ಹೆಂಗ ತಿಳೀತೈತ್ರಿ?"

"ಬರೇ ಮಾರಿ ನೋಡೂದಿಲ್ರಿ ಅಜ್ಜಾರ. ಬಾಜೂ ಯಾರ ಕುಂತಾರ ಅಂತ ನೋಡತೈತಿ. ಪ್ರೋಟೀನಿನ ಸರದಾಗ ಸೆರಿನ್ ಅನ್ನೂ ಮಣಿ ಬಾಜೂಕ ಗ್ಲುಟಮಿನ್ ಅನ್ನೂ ಮಣಿ ಇತ್ತಂದ್ರ, ಸೆರಿನ್ ಮ್ಯಾಲ ಗುರುತ ಬಿತ್ತು."

ಅಜ್ಜ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ, ಗಂಟು ಎತ್ತಿಕೊಂಡು ಎದ್ದ.

"ನಿಮ್ಮ ಬಾಜೂ ಕುಂತು ನಾ ಯಾಕ ಗುರುತಿಗಿ ಬೀಳ್ಲಿ?"

ಗೋಕಾಕದವರೆಗೂ ನಿಂತೇ ಬಂದ.

ಅಂಗಳದಲ್ಲಿ

ಕಾಕೂಗೂ ಅದನ್ನೇ ಹೇಳಿದೆ. ರೇಡಿಯೇಶನ್ನಿಗೆ ದಾರ ಹರಿಯುವುದು ಖರೆ; ಕೆಟ್ಟ ಕೋಶ ಸಾಯುತ್ತದೆ, ಒಳ್ಳೆಯದು ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ.

ಆಕೆ ತನ್ನ ಮುಂಗೈಯನ್ನು ಕಿವಿಗೆ ಒತ್ತಿ ಆಲಿಸಿದಳು. "ಆ ರಿಪೇರಿಯವ್ರು ಈಗೂ ಒಳಗ ಅಡ್ಡಾಡಾಕತ್ತಾರೇನು?"

"ಈಗೂ."

"ಯಾರ ಕರದಿದ್ರು ಇವರನ್ನ?"



ಮರುದಿನ ಬೆಳಿಗ್ಗೆ ನೋಡಿದರೆ, ಸೂರ್ಯನ ಕಡೆ ಮುಖ ಮಾಡಿ, ಬಾಯಿ ಅಗಲಿಸಿ ಕೂತಿದ್ದಾಳೆ. ಮಾತಿಲ್ಲ, ಅಲುಗಾಟವಿಲ್ಲ. ಓಡಿಹೋಗಿ ಭುಜ ಹಿಡಿದೆ.

"ಒಳಗ ಕತ್ತಲ ಐತಿ," ಅಂದಳು ಕಡೆಗೆ. "ಪಾಪ, ಅವಕ್ಕ ಕಾಣಬೇಕಲ್ಲ."

ಬಿಸಿಲೂ ಆ ದಾರಕ್ಕೆ ಕೇಡೇ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ಮಶೀನಿನ ಕೋಣೆಯಲ್ಲಿ

"ಒಂದ ದಿನ ಬರ್ತೇನಿ. ಅಂಜಿಕಿ ಬಂತಂದ್ರ ತಿರುಗಿ ಕಾಲಿಡೂದಿಲ್ಲ," ಅಂತ ಷರತ್ತು ಹಾಕಿಯೇ ಆಸ್ಪತ್ರೆಗೆ ಬಂದಳು. ಮಲಗಿಸಿ ಎಲ್ಲರೂ ಹೊರಗೆ ಬಂದೆವು. ದಪ್ಪ ಬಾಗಿಲು ಮುಚ್ಚಿತು. ಪರದೆಯ ಮೇಲೆ ಕಾಕು ಒಬ್ಬಳೇ, ಹೆಣದ ಹಾಗೆ ನೆಟ್ಟಗೆ. ಇವತ್ತು ಅಂಜಿದಳೆಂದರೆ ಚಿಕಿತ್ಸೆ ಮುಗಿದಂತೆಯೇ.

ನನ್ನ ಪಕ್ಕದಲ್ಲಿದ್ದ ಟೆಕ್ನಿಶಿಯನ್ ಮೈಕಿನಲ್ಲಿ, "ಅಲುಗಾಡಬ್ಯಾಡ್ರಿ," ಅಂದ.

ಕಾಕು ಕಣ್ಣು ತೆರೆದಳು. ಖಾಲಿ ಕೋಣೆ. ದೃಷ್ಟಿ ಮೆಲ್ಲಗೆ ತನ್ನ ಎದೆಯ ಕಡೆ ಇಳಿಯಿತು.

"ಯಾವೂರಪಾ ನಿಂದು?"

"ಮೂಡಲಗಿ ರೀ," ಅಂದ ಟೆಕ್ನಿಶಿಯನ್ ಮೈಕಿನಲ್ಲೇ. ತುಕ್ಕಾನಟ್ಟಿಗೆ ಹತ್ತಿರದ ಊರು ಅದು.

"ಹಂಗಾರ ನಡೀಲಿ," ಅಂತ ಕಣ್ಣು ಮುಚ್ಚಿದಳು.

ಹೊರಗೆ ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ನನ್ನೊಳಗಿನಾವ ಮೂಡಲಗಿಯಾವ ಅದಾನ. ಇಷ್ಟ ಹೇಳಾಕ ಆಗಲಿಲ್ಲೇನವಾ ನಿನಗ? ನಾಳೆ ಲಗೂ ಹೊರಡೂಣು. ನಮ್ಮ ಕಡಿಯಾವನ್ನ ಕಾಯಿಸಬಾರದು."