ಸೋಲಾರ್ ಪ್ಲೇಟಿಗೆ ಮೂರು ಪಟ್ಟೆ

ಯಂತ್ರಗಳಿಗೆ ಪೂಜೆ ಮಾಡುವವರ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ, ಆ ಯಂತ್ರ ನನ್ನದಾಗುವವರೆಗೆ. ಸ್ಕೂಟರಿಗೆ ಬಾಳೆಕಂದು ಕಟ್ಟಲಿ, ಮಿಕ್ಸಿಗೆ ಕುಂಕುಮ ಇಡಲಿ. ನನ್ನ ಹೆಂಡತಿ ಆಯುಧಪೂಜೆಯ ದಿನ ಟಿವಿ ರಿಮೋಟಿಗೂ ಚೆಂಡುಹೂ ಏರಿಸುತ್ತಾಳೆ, ಧಾರಾವಾಹಿ ನಿಂತಿಲ್ಲ. ಆದರೆ ಸೋಲಾರ್ ಪ್ಲೇಟಿಗೆ ವಿಭೂತಿ ಬಳಿಯುವುದು ಭಕ್ತಿಯಲ್ಲ, ದೌರ್ಜನ್ಯ.

ಭದ್ರಾವತಿಯ ಕಾರ್ಮಿಕರ ಬೀದಿಯೊಂದರಲ್ಲಿ ನಾನು ಬಿಸಿಲಿನಿಂದಲೇ ನಡೆಯುವ ಕುಡಿಯುವ ನೀರಿನ ಘಟಕ ಹಾಕಿಸಿದ್ದೆ. ಪ್ಲೇಟು ಕರೆಂಟು ಕೊಡುತ್ತದೆ, ಪಂಪು ಬೋರ್‌ವೆಲ್ಲಿನ ಗಡಸು ನೀರನ್ನು ಫಿಲ್ಟರಿಗೆ ನೂಕುತ್ತದೆ, ಒಳ್ಳೆಯ ನೀರು ಟ್ಯಾಂಕಿಗೆ ಬೀಳುತ್ತದೆ. ಕರೆಂಟು ಹೋದರೆ ನೀರೂ ಹೋಯಿತೆಂಬ ಗೋಳು ಇನ್ನಿಲ್ಲವೆಂದು ಉದ್ಘಾಟನೆಯ ದಿನ ಅರ್ಧ ಗಂಟೆ ಕೊರೆದಿದ್ದೆ. ವಿಜಯದಶಮಿಯ ಬೆಳಿಗ್ಗೆ ಫೋನು ಬಂತು: ಟ್ಯಾಂಕು ಖಾಲಿ.

ನವುಲೆಯ ಮನೆಯಿಂದ ಹೋಳಿಗೆ ಬಿಟ್ಟು ಓಡಿದೆ. ನೋಡಿದರೆ ಪ್ರತಿ ಪ್ಲೇಟಿನ ಮೇಲೂ ದಪ್ಪನೆಯ ಮೂರು ಪಟ್ಟೆ, ನಡುವೆ ಅಂಗೈಯಗಲ ಕುಂಕುಮ. ಕಾರ್ಖಾನೆಯಿಂದ ನಿವೃತ್ತರಾಗಿ ಈಗ ಘಟಕ ನೋಡಿಕೊಳ್ಳುವ ಪೆರುಮಾಳಣ್ಣ ಹೆಮ್ಮೆಯಿಂದ ನಿಂತಿದ್ದರು.

"ನೆರಳು ಬಿದ್ರೆ ಕರೆಂಟ್ ಹುಟ್ಟಲ್ಲ ಕಣ್ರೀ!" ಎಂದು ಕೂಗಿದೆ.

"ಮೂವತ್ತು ವರ್ಷ ಫರ್ನೇಸಿಗೇ ಪಟ್ಟೆ ಹಾಕಿದೀನಿ ಸಾರ್. ಅದೇನ್ ತಣ್ಣಗಾಯ್ತಾ?"

ಕೊಡ ಹಿಡಿದು ನಿಂತಿದ್ದ ಸರೋಜಮ್ಮ ನಡುವೆ ಬಾಯಿ ಹಾಕಿದರು. "ಜಗಳ ಆಮೇಲೆ ಆಡಿ ಮಾರಾಯ್ರೇ. ಸಂಜೆ ಒಳಗೆ ನೀರು ಬರ್ಲಿಲ್ಲ ಅಂದ್ರೆ ನಾವು ಕ್ಯಾನ್ ನೀರಿಗೇ ಹೋಗ್ತೀವಿ. ನಿಮ್ ಮಿಷನ್ ನೀವೇ ಹೊತ್ಕೊಂಡು ಹೋಗಿ."

ಎರಡು ವರ್ಷದ ದುಡಿಮೆ ಗುಜರಿಗೆ ಹೋಗುವುದು ಕಣ್ಣೆದುರು ಬಂತು. ನಾನೇ ಏಣಿ ಹತ್ತಿ, ಒದ್ದೆ ಬಟ್ಟೆಯಲ್ಲಿ ಶಿವನನ್ನು ಒರೆಸಿದೆ. ಪಂಪು ಗುರುಗುಟ್ಟಿತು. ನೀರು ಬಂತು, ಬಂದದ್ದಷ್ಟೇ ಅಲ್ಲ, ಉದ್ಘಾಟನೆಯ ದಿನ ಬಂದಂತೆ ಧುಮ್ಮಿಕ್ಕಿತು. ಇತ್ತೀಚೆಗಂತೂ ಅದು ಬೆರಳು ಗಾತ್ರಕ್ಕೆ ಇಳಿದಿತ್ತು. ಬೋರ್‌ವೆಲ್ಲಿನ ತಪ್ಪೆಂದು ನಾನು ವರದಿ ಬರೆದಿದ್ದೆ.

"ಪೂಜೆಗೆ ಮುಂಚೆ ಸೋಪು ಹಾಕಿ ತಿಕ್ಕಿದ್ವಿ ಸಾರ್," ಎಂದರು ಪೆರುಮಾಳಣ್ಣ. "ಧೂಳು, ಪಾರಿವಾಳದ ಹಿಕ್ಕೆ, ಏನ್ ಕೊಳೆ ಅಂತೀರಾ! ಹಾಕಿದಾಗಿಂದ ಒರೆಸೇ ಇಲ್ವಾ? ನಮಗಾದ್ರೂ ಹೇಳ್ಬಾರ್ದಿತ್ತಾ?"

ವಾರಕ್ಕೊಮ್ಮೆ ಒರೆಸಲು ಹೇಳಿದ್ದೆ ಎಂದು ಗುಡುಗಿದೆ. ಹೇಳಿದ ಜಾಗ, ಅವರು ತಲೆಯಾಡಿಸಿದ್ದು, ಆಗ ಅವರು ಹಾಕಿದ್ದ ಅಂಗಿಯ ಬಣ್ಣ, ಎಲ್ಲವೂ ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದರಿಂದಲೇ, ಹೇಳಿರಲಿಕ್ಕಿಲ್ಲ ಎಂದು ಅನುಮಾನ.