ಪ್ರಸಾದದ ಮಜ್ಜಿಗಿ ಕುಡಿದ ಮೆಣಸಿನ ಅಗಿ

ಬೀಸುಕಲ್ಲಿಗೆ ಎರಡನೇ ಹಿಡಿ ಜೋಳ ಹಾಕಿ, ದೇವರ ಹಾಡು ಎತ್ತಿದ್ದೆ. ಹಿತ್ತಲ ಗೋಡೆಯ ಆಚೆಯಿಂದ ನೆರೆಮನೆಯ ಕಲ್ಲವ್ವನ ದನಿ ಬಂತು.

"ಅಕ್ಕಾ, ನಿಮ್ಮ ಮೆಣಸಿನ ಅಗಿ ಎಲ್ಲಾ ಮಲಗ್ಯಾವಲ್ರಿ!"

"ಬಿಸಿಲಿಗೆ ಸೋತಿರಬೇಕು ಬಿಡವಾ. ಇನ್ನೊಂದು ತಂಬಗಿ ಔಷಧ ಹಾಕಿದ್ರ ಎದ್ದು ಕುಂದರತಾವ" ಅಂದೆ. ಅಂದವಳು ಎದ್ದು ಹೋಗಿ ಸಸಿಗಳ ಬುಡಕ್ಕೆ ಹಾಕಿಯೂ ಬಂದೆ! ಅಷ್ಟು ಧೈರ್ಯ ನನಗೆ.

ಧೈರ್ಯಕ್ಕೆ ಕಾರಣ ಇತ್ತು. ಅತ್ತೆಯವರು ಕಣ್ಣು ಮುಚ್ಚುವ ಮೊದಲು ನನ್ನ ಕೈಗೆ ಮನೆತನದ ಮೆಣಸಿನ ಬೀಜದ ಚೀಲ ಇಟ್ಟು, ಅದರ ಔಷಧವನ್ನೂ ಹೇಳಿಕೊಟ್ಟಿದ್ದರು. ಹುಳಿ ಮಜ್ಜಿಗೆ, ಆಕಳ ಗಂಜಲ, ಒಂದು ಉಂಡೆ ಬೆಲ್ಲ ಮಣ್ಣಿನ ಗಡಗಿಯಲ್ಲಿ ಹಾಕಿ ಎಂಟು ದಿನ ತಿಪ್ಪೆಯಲ್ಲಿ ಹೂತಿಡಬೇಕು. ಆಮೇಲೆ ಕೊಡ ನೀರಿಗೆ ಒಂದೇ ಸೌಟು. ಆ ವಾಸನೆಗೆ ಎಮ್ಮೆ ಕೂಡ ಮುಖ ತಿರುವುತ್ತಿತ್ತು. ಆದರೆ ಅಗಿ ದಪ್ಪ ಎಲೆ ಒಡೆದು, ಗಿಡ ತುಂಬ ಕೆಂಪು ಕಾಯಿ ಬರುತ್ತಿತ್ತು. ಗಜೇಂದ್ರಗಡದ ಸಂತೆಯಲ್ಲಿ ನಮ್ಮ ಕಾಯಿಯನ್ನು ಮೂಸಿಯೇ ಗುರುತು ಹಿಡಿಯುತ್ತಿದ್ದರು.

ಸವಡಿ ಊರಲ್ಲಿರುವ ಮೈದುನನ ಹೆಂಡತಿ ಗುರವ್ವ ಹೋದ ವರ್ಷ ಬಂದು, "ಅಕ್ಕಾ, ಒಂದು ಹಿಡಿ ಬೀಜ ಕೊಡ್ರಿ" ಅಂತ ಸೆರಗು ಒಡ್ಡಿದ್ದಳು.

"ಅತ್ತಿ ನನ್ನ ಕೈಯಾಗ ಕೊಟ್ಟಾರವಾ. ಇದು ಈ ಮನಿ ಹೊಸ್ತಿಲ ದಾಟಬಾರದು" ಅಂದಿದ್ದೆ. ಭಾಳ ಚಲೋ ಮಾತಾಡಿದೆ ಅಂತ ಆ ದಿನವೆಲ್ಲ ಅನಿಸಿತ್ತು.

ಕುಂಪಣಿ ಸರಕಾರದವರು ಸರಪಳಿ ಹಿಡಿದು ಹೊಲ ಅಳೆಯಲು ಬಂದದ್ದು ಈ ವರ್ಷ. ಇದ್ದಬದ್ದ ಬೀಜವನ್ನೆಲ್ಲ ಹಿತ್ತಲ ಮಡಿಯಲ್ಲಿ ಚೆಲ್ಲಿದ್ದೆ. ಗೇಣುದ್ದ ಬಂದರೆ ಕಿತ್ತು ಹೊಲಕ್ಕೆ ನೆಡುವುದು. ಅಷ್ಟರಲ್ಲಿ ಸೋಮವಾರ ಮಠದಲ್ಲಿ ದಾಸೋಹ. ಮಜ್ಜಿಗೆಯ ಪಾಳಿ ನನ್ನದು. ಊಟ ಮುಗಿದ ಮೇಲೆ ಒಂದು ಹರವಿ ಮಜ್ಜಿಗೆ ಉಳಿಯಿತು.

ಪ್ರಸಾದ! ಮಂದಿ ತುಳಿಯುವಲ್ಲಿ ಚೆಲ್ಲುವಂತಿಲ್ಲ. ಔಷಧದ ಗಡಗಿಗೇ ಸುರಿದುಬಿಟ್ಟೆ. ಬರೀ ಮಜ್ಜಿಗೆಗೇ ಅಷ್ಟು ಬೆಳೆದ ಅಗಿ, ಪ್ರಸಾದಕ್ಕೆ ಇನ್ನೆಷ್ಟು ಬೆಳೆಯಬೇಡ! ಕೊಡಕ್ಕೆ ಒಂದು ಸೌಟಿನ ಬದಲು ಒಂದು ತಂಬಗಿ ಹಾಕಿ ಮಡಿಗೆ ಹೊಯ್ದೆ. ಪ್ರಸಾದ ಬಡಿಸುವಾಗ ಕೈ ಬಿಗಿ ಹಿಡಿಯಬಾರದಲ್ಲ.

ಮರುದಿನ ಎಲೆಯ ಅಂಚುಗಳು ಕರಕಾದವು. ದೃಷ್ಟಿ ಅಂದುಕೊಂಡು ಮಡಿಯ ನಾಲ್ಕೂ ಮೂಲೆಗೆ ವಿಭೂತಿ ಇಟ್ಟು, ಮತ್ತೊಂದು ತಂಬಗಿ ಹೊಯ್ದೆ. ಅದರ ಮರುದಿನವೇ ಕಲ್ಲವ್ವ ಕೂಗಿದ್ದು. ಆಗ ಹೊಯ್ದದ್ದು ಮೂರನೆಯದು.

ಯಜಮಾನರು ಹೊಲದಿಂದ ಬಂದವರೇ ಮಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಯಾವ ಹೊಲಕ್ಕೆ ಹೋದರೂ ಅವರದು ಒಂದೇ ರೂಢಿ. ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟರು. ಥೂ ಅಂತ ಉಗುಳಿದರು.

"ಏನ ಹಾಕೀದಿ?"

"ಪ್ರಸಾದದ ಮಜ್ಜಿಗೀರಿ."

"ಅದಕ್ಕ ಉಪ್ಪು ಯಾರ ಹಾಕಿದ್ರು?"

ನನ್ನ ಕೈ ನೋಡಿಕೊಂಡೆ. ಊರ ಮಂದಿಯ ನಾಲಿಗೆಗೆ ರುಚಿ ಹತ್ತಲಿ ಅಂತ ಬೊಗಸೆ ಬೊಗಸೆ ಉಪ್ಪು ಸುರಿದದ್ದು ಇದೇ ಕೈ!

"ಎರಿ ಹೊಲ ಉಪ್ಪೇರಿ ಸೌಳಾಗಾಕ ಎಷ್ಟೋ ವರ್ಷ ಬೇಕು. ನೀ ಮೂರ ದಿನದಾಗ ಮಾಡೀದಿ, ಶಾಬಾಸ್!"

ಒಂದು ಅಗಿಯೂ ಉಳಿಯಲಿಲ್ಲ. ಬೀಜದ ಚೀಲ ತಿರುವಿ ಕೊಡವಿದೆ. ಹೊಲಿಗೆಯೊಳಗಿಂದ ಎರಡು ಬೀಜ ಬಿದ್ದವು. ಎರಡೂ ಜೊಳ್ಳು. ಆದರೂ ದೇವರು ದೊಡ್ಡವನು. ಆ ಗಡಗಿಗೆ ಎಮ್ಮೆ ಬಾಯಿ ಹಾಕಲಿಲ್ಲ. ಯಜಮಾನರು ಕೈ ಎತ್ತಲಿಲ್ಲ. ಕಲ್ಲವ್ವ ಇಡೀ ಊರಿಗೆ ಹೇಳಲಿಲ್ಲ, ಅರ್ಧ ಊರಿಗೆ ಮಾತ್ರ ಹೇಳಿದಳು.

ಮಾರನೇ ದಿನ ಯಜಮಾನರು ಸವಡಿಗೆ ಹೋಗಿ, ಸಂಜೆಗೆ ಅಗಿಯ ಕಟ್ಟು ಹೊತ್ತು ಬಂದರು. ಬೇರೆ ಜಾತಿಯ ಮೆಣಸು, ಸಣ್ಣ ಎಲೆ.

"ಗುರವ್ವ ಏನಂದಳ್ರಿ?"

"ಕೇಳಿದ್ದಕ್ಕಿಂತ ಒಂದು ಕಟ್ಟು ಹೆಚ್ಚಿಗೇನ ಕೊಟ್ಟಳು. ಬಾಗಲತನಕ ಬಂದು, 'ಭಾವಾರ, ಅಕ್ಕಗ ಹೇಳ್ರಿ, ಇವು ಬಡವರ ಅಗಿ, ಬರೇ ನೀರ ಕುಡೀತಾವ' ಅಂದಳು."

ಆ ದಿನ ಅವಳ ಸೆರಗಿಗೆ ಒಂದು ಹಿಡಿ ಹಾಕಿದ್ದರೆ, ಈ ಕಟ್ಟಿನಲ್ಲಿ ಅತ್ತೆಯವರ ಮೆಣಸೇ ಮನೆಗೆ ಬರುತ್ತಿತ್ತು. ನನ್ನ ಮಾತು ಖರೇ ಆಯಿತು. ಬೀಜ ಹೊಸ್ತಿಲು ದಾಟಲಿಲ್ಲ. ಒಳಗೇ ಸತ್ತಿತು.

ಊಟಕ್ಕೆ ಕೂತ ಯಜಮಾನರು ಮಜ್ಜಿಗೆ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಇದಕ್ಕ ಉಪ್ಪ ಇಲ್ಲಲ್ಲ?"

"ಉಪ್ಪಿನ ಗಡಗಿ ಅಟ್ಟದ ಮ್ಯಾಲ ಇಟ್ಟೀನಿ, ತಡೀರಿ" ಅಂತ ಏಣಿ ತರಲು ಎದ್ದೆ.